ಕುಚೋದ್ಯದ ಸಿನಿಮಾ: ಅಮೆರಿಕದ ಅಂಡರ್‌ಗ್ರೌಂಡ್ ಚಿತ್ರಗಳು

ಎರಡನೆಯ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಹಾಲಿವುಡ್ ಸ್ಟುಡಿಯೊಗಳ ಗೊಡವೆಯಿಲ್ಲದೆ, ಹೆಚ್ಚಾಗಿ 16 ಮಿ.ಮೀ. ಹಾಗೂ 8 ಮಿ.ಮೀ. ಫಿಲ್ಮಿನಲ್ಲಿ, ಒಬ್ಬಿಬ್ಬರೇ ಸೇರಿ ತಯಾರಿಸಿದ ಪ್ರಯೋಗಾತ್ಮಕ ಚಿತ್ರಗಳಿಗೆ ಅಂಡರ್‌ಗ್ರೌಂಡ್ ಸಿನಿಮಾ ಎಂಬ ಹೆಸರಿದೆ. 1950ರ ದಶಕದ ಕೊನೆಯಿಂದ 1970ರ ದಶಕದ ನಡುಭಾಗದವರೆಗೆ ಅದರ ಉಚ್ಛ್ರಾಯ ಕಾಲ. ನ್ಯೂಯಾರ್ಕ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ಅದರ ಎರಡು ಮುಖ್ಯ ನೆಲೆಗಳು. ಕಾವ್ಯಮಯವಾದ, ಧ್ಯಾನಸ್ಥವಾದ, ಕೆಲವೊಮ್ಮೆ ತಲೆನೋವು ಬರುವಷ್ಟು ಗಂಭೀರವಾದ ಚಿತ್ರಗಳು ಈ ಪರಂಪರೆಯಲ್ಲಿ ಬೇಕಾದಷ್ಟಿವೆ. ಅವುಗಳ ಜೊತೆಗೇ ಬೆಳೆದ ಇನ್ನೊಂದು ಕವಲು ಕುಚೋದ್ಯದ್ದು. ಈ ಲೇಖನದ ವಿಷಯ ಆ ಕವಲು.

ಹಾಸ್ಯ ಪ್ರಸಂಗಗಳನ್ನು ಪೋಣಿಸಿ ಹೇಳುವ ಕಥೆ ಈ ಚಿತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಾಮೂಲಿ ಸಿನಿಮಾ ಏನನ್ನು ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೋ ಅದನ್ನೇ ಹೊರಗೆಳೆದು ತೆರೆಯ ನಡುವೆ ಕೂರಿಸುವುದು ಇವರ ಕೆಲಸ. ರೀಲಿನ ತಲೆಯಲ್ಲಿರುವ ಎಣಿಕೆಯ ಅಂಕಿಗಳು, ಫಿಲ್ಮಿನ ಅಂಚಿನ ತೂತುಗಳು, ತುಟಿಗೆ ಹೊಂದದ ಡಬ್ಬಿಂಗ್, ಪಾತ್ರವರ್ಗದ ಪಟ್ಟಿ, ಮುಕ್ತಾಯದ ಫಲಕ ಎಲ್ಲವೂ ಇವರಿಗೆ ಆಟದ ಸಾಮಾನೇ. ಮುಂದೆ ಇತಿಹಾಸ ಬರೆದವರು ಇವನ್ನೆಲ್ಲ ಭಾವಗೀತಾತ್ಮಕ, ರಾಚನಿಕ ಎಂದು ಗಂಭೀರ ವರ್ಗಗಳಲ್ಲಿ ತುಂಬಿದರು. ಸಿನಿಮಾ ಮಂದಿರದಲ್ಲಿ ಕೇಳಿಬರುತ್ತಿದ್ದ ನಗು ಆ ವರ್ಗೀಕರಣದಲ್ಲಿ ಮೂಲೆಗೆ ಸರಿಯಿತು. ಚಿತ್ರಗಳನ್ನು ಒಂದರ ಹಿಂದೊಂದು ನೋಡಿದರೆ ನಗುವೇ ಅವುಗಳಲ್ಲಿ ಹಲವಕ್ಕೆ ಬೆನ್ನೆಲುಬು ಎನ್ನುವುದು ಗೊತ್ತಾಗುತ್ತದೆ.

ಹಿಂದಿನವರು

ಈ ಕವಲಿಗೆ ಮೂಲಪುರುಷನೊಬ್ಬನನ್ನು ಹುಡುಕುವುದಾದರೆ ಜೋಸೆಫ್ ಕಾರ್ನೆಲ್ ಹೆಸರು ಹೇಳಬಹುದು. ಪುಟ್ಟ ಪೆಟ್ಟಿಗೆಗಳಲ್ಲಿ ಹಳೆಯ ಸಾಮಾನು ಜೋಡಿಸಿ ಕಲಾಕೃತಿ ಮಾಡುತ್ತಿದ್ದ ಈತ 1936ರಲ್ಲಿ 'ಈಸ್ಟ್ ಆಫ್ ಬೋರ್ನಿಯೊ' (1931) ಎಂಬ ಸಾಧಾರಣ ಸಾಹಸ ಚಿತ್ರದ ಪ್ರತಿಯೊಂದನ್ನು ಕತ್ತರಿಸಿ, ಕಥೆಯನ್ನೆಲ್ಲ ಬಿಸಾಡಿ, ಹೆಚ್ಚಾಗಿ ನಾಯಕಿ ರೋಸ್ ಹೋಬಾರ್ಟ್ ಕಾಣಿಸುವ ತುಣುಕುಗಳನ್ನೇ ಅಡ್ಡಾದಿಡ್ಡಿಯಾಗಿ ಅಂಟಿಸಿದ. ಅದಕ್ಕೆ ಆಕೆಯ ಹೆಸರನ್ನೇ ಇಟ್ಟ. ನೀಲಿ ಗಾಜಿನ ಮೂಲಕ, ಮೂಕಿ ಚಿತ್ರದ ನಿಧಾನಗತಿಯಲ್ಲಿ, ಬ್ರೆಜಿಲ್ ಸಂಗೀತದ ತಟ್ಟೆ ಹಾಕಿ ತೋರಿಸಿದ. ನ್ಯೂಯಾರ್ಕಿನ ಜೂಲಿಯನ್ ಲೆವಿ ಗ್ಯಾಲರಿಯ ಪ್ರದರ್ಶನಕ್ಕೆ ಬಂದಿದ್ದ ಸಾಲ್ವಡಾರ್ ಡಾಲಿ, ತನ್ನ ತಲೆಯಲ್ಲಿದ್ದ ಕಲ್ಪನೆಯನ್ನೇ ಈತ ಕದ್ದ ಎಂದು ಕೂಗಾಡಿ ಪ್ರೊಜೆಕ್ಟರನ್ನು ಕೆಡವಿದನಂತೆ. ನಾಚಿಕೆ ಸ್ವಭಾವದ ಕಾರ್ನೆಲ್ ಆಮೇಲೆ ಬಹುಕಾಲ ತನ್ನ ಚಿತ್ರಗಳನ್ನು ಸಾರ್ವಜನಿಕವಾಗಿ ತೋರಿಸಲು ಹಿಂಜರಿದ.

ಪಶ್ಚಿಮ ಕರಾವಳಿಯಲ್ಲಿ ಸಿಡ್ನಿ ಪೀಟರ್ಸನ್ ಮತ್ತು ಕವಿ ಜೇಮ್ಸ್ ಬ್ರೌಟನ್ 1946ರಲ್ಲಿ 'ದಿ ಪಾಟೆಡ್ ಸಾಮ್' ಮಾಡಿದರು. ಕ್ಯಾಲಿಫೋರ್ನಿಯಾ ಸ್ಕೂಲ್ ಆಫ್ ಫೈನ್ ಆರ್ಟ್ಸ್‌ನಲ್ಲಿ ಪಾಠ ಹೇಳುತ್ತಿದ್ದ ಪೀಟರ್ಸನ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ತೆಗೆದ 'ದಿ ಕೇಜ್'ನಲ್ಲಿ (1947) ಕಲಾವಿದನೊಬ್ಬನ ಕಣ್ಣುಗುಡ್ಡೆ ತಪ್ಪಿಸಿಕೊಂಡು ಊರು ಸುತ್ತುತ್ತದೆ. ತರಗತಿಯೇ ಚಿತ್ರತಂಡವಾಗುವ ಈ ಪದ್ಧತಿ ಅದೇ ಶಾಲೆಯಲ್ಲಿ ಕಾಲು ಶತಮಾನದ ಬಳಿಕ ಮತ್ತೆ ಚಿಗುರಿತು. ಆ ಸಂಗತಿ ಮುಂದೆ ಬರುತ್ತದೆ.

ಕ್ಯಾಮೆರಾ, ಕಾಸು, ಜಾಗ

ಯುದ್ಧ ಮುಗಿದ ಮೇಲೆ 16 ಮಿ.ಮೀ. ಸಲಕರಣೆ ಅಗ್ಗವಾಗಿ ಸಿಗತೊಡಗಿತು. ಸ್ವಿಸ್ ಬೋಲೆಕ್ಸ್ ಕ್ಯಾಮೆರಾ ಇವರೆಲ್ಲರ ಅಚ್ಚುಮೆಚ್ಚು. ಅದಕ್ಕೆ ಬ್ಯಾಟರಿ ಬೇಕಿಲ್ಲ, ಕೀಲಿ ಕೊಟ್ಟರೆ ಓಡುತ್ತದೆ. ಒಂದು ಸಲ ಕೀಲಿ ಕೊಟ್ಟರೆ ಸುಮಾರು 28 ಸೆಕೆಂಡು, ನೂರು ಅಡಿಯ ಒಂದು ರೀಲಿಗೆ ಮೂರು ನಿಮಿಷವೂ ಇಲ್ಲ. ದೃಶ್ಯಕ್ಕೆ ಸರಿಯಾಗಿ ಧ್ವನಿ ಹಿಡಿಯುವ ಸೌಲಭ್ಯ ಬಹುತೇಕರಿಗೆ ಇರಲಿಲ್ಲ. ಹಾಗಾಗಿ ಚಿಕ್ಕ ಚಿಕ್ಕ ತುಣುಕುಗಳು, ಆಮೇಲೆ ಅಂಟಿಸಿದ ಧ್ವನಿ, ಹಾಡಿನ ತಟ್ಟೆಯಿಂದ ಎತ್ತಿದ ಸಂಗೀತ ಇವರ ಶೈಲಿಯಾದವು. ಬಡತನದಿಂದ ಬಂದದ್ದನ್ನು ಮರೆಮಾಚುವ ಬದಲು ಉತ್ಪ್ರೇಕ್ಷಿಸಿದಾಗ ಅದೇ ತಮಾಷೆಯೂ ಆಯಿತು.

ಕೆಲವರಿಗೆ ಫಿಲ್ಮೂ ಪುಕ್ಕಟೆ ಬಂದದ್ದುಂಟು. ರಾನ್ ರೈಸ್ 'ದಿ ಫ್ಲವರ್ ಥೀಫ್' (1960) ಚಿತ್ರವನ್ನು ತೆಗೆದದ್ದು ವಿಮಾನದ ಬಂದೂಕಿನ ಗುರಿ ದಾಖಲಿಸಲು ಬಳಸುತ್ತಿದ್ದ, ಯುದ್ಧದಲ್ಲಿ ಮಿಕ್ಕಿದ ಐವತ್ತು ಅಡಿಯ ಫಿಲ್ಮ್ ಡಬ್ಬಿಗಳಲ್ಲಿ. ಅದರಲ್ಲಿ ಟೇಲರ್ ಮೀಡ್ ಸ್ಯಾನ್‌ಫ್ರಾನ್ಸಿಸ್ಕೊದ ಬೀದಿಗಳಲ್ಲಿ ಗೊತ್ತುಗುರಿಯಿಲ್ಲದೆ ಮಗುವಿನಂತೆ ಅಲೆಯುತ್ತಾನೆ.

ಮಾಡಿದ ಚಿತ್ರವನ್ನು ತೋರಿಸುವುದೆಲ್ಲಿ? ನ್ಯೂಯಾರ್ಕಿನಲ್ಲಿ ಏಮಸ್ ಮತ್ತು ಮಾರ್ಸಿಯಾ ಫೋಗೆಲ್ ದಂಪತಿ 1947ರಲ್ಲಿ ಸಿನಿಮಾ 16 ಎಂಬ ಸಂಘ ಕಟ್ಟಿದರು. ಅದು ಸದಸ್ಯರಿಗಷ್ಟೇ ಮೀಸಲಾದ ಕ್ಲಬ್ಬಾದ್ದರಿಂದ ರಾಜ್ಯದ ಸೆನ್ಸಾರ್ ಕಾಟ ತಪ್ಪಿತು. ಒಂದು ಹಂತದಲ್ಲಿ ಸದಸ್ಯರ ಸಂಖ್ಯೆ 7000ದ ಆಸುಪಾಸಿಗೆ ಮುಟ್ಟಿತ್ತು. ಆದರೆ ಫೋಗೆಲ್ ಚಿತ್ರಗಳನ್ನು ಆರಿಸುತ್ತಿದ್ದರು, ಬೇಡವೆನಿಸಿದ್ದನ್ನು ಬಿಡುತ್ತಿದ್ದರು. ಲಿಥುವೇನಿಯಾದಿಂದ 1949ರಲ್ಲಿ ನಿರಾಶ್ರಿತನಾಗಿ ಬಂದಿದ್ದ ಜೋನಾಸ್ ಮೆಕಾಸ್ ಮತ್ತು ಗೆಳೆಯರು 1962ರಲ್ಲಿ ತೆರೆದ ಫಿಲ್ಮ್ ಮೇಕರ್ಸ್ ಕೋಆಪರೇಟಿವ್ ಎಂಬ ವಿತರಣಾ ಸಂಘ ಇದಕ್ಕೆ ತದ್ವಿರುದ್ಧ. ಯಾರ ಚಿತ್ರವನ್ನೂ ಅದು ತಿರಸ್ಕರಿಸುವಂತಿರಲಿಲ್ಲ. ಆ ನಿಯಮದಿಂದ ಕಸವೂ ಸಾಕಷ್ಟು ಒಳಗೆ ಬಂತು. ಯಾವ ಆಯ್ಕೆ ಸಮಿತಿಯೂ ಒಪ್ಪದಂಥ ಹುಡುಗಾಟದ ಚಿತ್ರಗಳಿಗೆ ಬಾಗಿಲು ತೆರೆದದ್ದೂ ಅದೇ ನಿಯಮ. ಕ್ಯಾಲಿಫೋರ್ನಿಯಾದ ಕ್ಯಾನಿಯನ್ ಎಂಬ ಹಳ್ಳಿಯಲ್ಲಿ ಬ್ರೂಸ್ ಬೇಯ್ಲಿ 1961ರಲ್ಲಿ ತನ್ನ ಮನೆಯ ಹಿತ್ತಲಲ್ಲಿ ಪರದೆ ಕಟ್ಟಿ ನೆರೆಹೊರೆಯವರಿಗೆ ಚಿತ್ರ ತೋರಿಸಲಾರಂಭಿಸಿದ. ಮುಂದೆ ಅದೇ ಕ್ಯಾನಿಯನ್ ಸಿನಿಮಾ ಎಂಬ ವಿತರಣಾ ಸಂಸ್ಥೆಯಾಗಿ ಬೆಳೆಯಿತು.

ಬ್ರೂಸ್ ಕಾನರ್: ಗುಜರಿಯಿಂದ ಎದ್ದ ಸಿನಿಮಾ

ಕ್ಯಾನ್ಸಸ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದ ಬ್ರೂಸ್ ಕಾನರ್ (1933–2008) ಶಿಲ್ಪಿ. ಹರಿದ ನೈಲಾನ್ ಕಾಲುಚೀಲ, ಮುರಿದ ಗೊಂಬೆಗಳಂಥ ಎಸೆದ ಸಾಮಾನಿನಲ್ಲಿ ಶಿಲ್ಪ ಮಾಡುತ್ತಿದ್ದವನು. 1958ರಲ್ಲಿ ಅದೇ ಬುದ್ಧಿಯನ್ನು ಸಿನಿಮಾಕ್ಕೆ ಹಚ್ಚಿ 'ಎ ಮೂವಿ' ತಯಾರಿಸಿದ. ಹನ್ನೆರಡು ನಿಮಿಷದ ಈ ಚಿತ್ರಕ್ಕೆ ಆತ ಕ್ಯಾಮೆರಾ ಮುಟ್ಟಲೇ ಇಲ್ಲ. ಹಳೆಯ ವಾರ್ತಾಚಿತ್ರ, ಕೌಬಾಯ್ ಚಿತ್ರಗಳ ಚೂರು, ಮನೆಯಲ್ಲಿ ತೋರಿಸಲೆಂದು ಅಂಗಡಿಯಲ್ಲಿ ಮಾರುತ್ತಿದ್ದ ಸಂಕ್ಷಿಪ್ತ ರೀಲುಗಳನ್ನು ಕೊಂಡು ತಂದು ಅಂಟಿಸಿದ. ಹಿನ್ನೆಲೆಗೆ ರೆಸ್ಪೀಗಿಯ 'ಪೈನ್ಸ್ ಆಫ್ ರೋಮ್' ಎಂಬ ಭರ್ಜರಿ ವಾದ್ಯವೃಂದ.

ಚಿತ್ರ ಶುರುವಾಗುವ ಪರಿಯೇ ಕೀಟಲೆ. ನಿರ್ದೇಶಕನ ಹೆಸರು ದೊಡ್ಡ ಅಕ್ಷರದಲ್ಲಿ ಬಂದು, ಓದಿ ಮುಗಿದ ಮೇಲೂ ಕದಲದೆ ನಿಲ್ಲುತ್ತದೆ. ಆಮೇಲೆ ಪ್ರೊಜೆಕ್ಟರ್ ನಡೆಸುವವನಿಗೆ ಮಾತ್ರ ಕಾಣಬೇಕಾದ ಇಳಿಕೆಯ ಅಂಕಿಗಳು. ಎಣಿಕೆಯ ನಡುವೆ ಹೆಂಗಸೊಬ್ಬಳು ಕಾಲುಚೀಲ ಕಳಚುತ್ತಾಳೆ. ಕಥೆ ಆರಂಭವಾಗುವ ಮೊದಲೇ ಮುಕ್ತಾಯದ ಫಲಕ ಬಂದುಬಿಡುತ್ತದೆ. ನಂತರ ಬೆನ್ನಟ್ಟುವಿಕೆ: ಕೌಬಾಯ್‌ಗಳ ಕುದುರೆ, ಅಗ್ನಿಶಾಮಕ ಗಾಡಿ, ಆನೆ, ಟ್ಯಾಂಕು, ರೇಸ್ ಕಾರು, ಎಲ್ಲವೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವಂತೆ ಒಂದೇ ದಿಕ್ಕಿಗೆ ಓಡುತ್ತವೆ. ಇವುಗಳಲ್ಲಿ ಯಾವುದೂ ಇನ್ನೊಂದನ್ನು ಕಂಡೇ ಇಲ್ಲ, ಕತ್ತರಿಯಷ್ಟೇ ಅವನ್ನು ಕೂಡಿಸಿದೆ. ಮಾರ್ಕ್ಸ್ ಸೋದರರ 'ಡಕ್ ಸೂಪ್' ಚಿತ್ರದಲ್ಲಿ ಯುದ್ಧಕ್ಕೆ ನೆರವು ಬರುವ ಹುಚ್ಚು ಮೆರವಣಿಗೆಯೇ ತನಗೆ ಸ್ಫೂರ್ತಿ ಎಂದು ಕಾನರ್ ಹೇಳಿಕೊಂಡಿದ್ದಾನೆ.

ಚಿತ್ರದ ಅತ್ಯಂತ ಪ್ರಸಿದ್ಧ ಜೋಡಣೆ ಜಲಾಂತರ್ಗಾಮಿಯದು. ನೌಕೆಯ ಅಧಿಕಾರಿ ಪೆರಿಸ್ಕೋಪಿನಲ್ಲಿ ಕಣ್ಣಿಡುತ್ತಾನೆ, ಆಚೆ ಅರೆಬೆತ್ತಲೆ ರೂಪದರ್ಶಿ ಕಾಣುತ್ತಾಳೆ, ಆತ ಆಜ್ಞೆ ಕೊಡುತ್ತಾನೆ, ಟಾರ್ಪಿಡೊ ಹೊರಡುತ್ತದೆ, ಅಣುಬಾಂಬಿನ ಅಣಬೆಮೋಡ ಏಳುತ್ತದೆ. ಪೋಲಿ ಜೋಕಿನ ಓಟದಲ್ಲೇ ಮನುಕುಲದ ಸರ್ವನಾಶ ಬಂದುಹೋಗುತ್ತದೆ. ಸಭೆ ನಕ್ಕು ಮುಗಿಸುವ ಹೊತ್ತಿಗೆ ಹಿಂಡನ್‌ಬರ್ಗ್ ವಾಯುನೌಕೆ ಉರಿಯುತ್ತಿರುತ್ತದೆ, ಟಕೋಮಾ ಸೇತುವೆ ತೊಯ್ದಾಡುತ್ತಿರುತ್ತದೆ, ಮುಸೊಲಿನಿಯ ಹೆಣ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಎಲ್ಲಿ ನಗು ನಿಲ್ಲಬೇಕಿತ್ತು ಎಂದು ಪ್ರೇಕ್ಷಕರು ತಮ್ಮೊಳಗೇ ಲೆಕ್ಕ ಹಾಕುವಂತಾಗುತ್ತದೆ. ಇಡೀ ಪರಂಪರೆಯಲ್ಲಿ ಒಂದೇ ಚಿತ್ರ ನೋಡಲು ಸಮಯವಿದ್ದರೆ ಇದನ್ನೇ ನೋಡಬೇಕು.

ರೇ ಚಾರ್ಲ್ಸ್ ಹಾಡಿಗೆ ಕತ್ತರಿಸಿದ 'ಕಾಸ್ಮಿಕ್ ರೇ' (1961), ಟೋನಿ ಬೇಸಿಲ್ ಕುಣಿತದ 'ಬ್ರೇಕ್‌ಅವೇ' (1966) ಮುಂದೆ ಬಂದ ಮ್ಯೂಸಿಕ್ ವಿಡಿಯೊಗಳ ಅಜ್ಜಂದಿರು. 1967ರಲ್ಲಿ ಕಾನರ್ ಸ್ಯಾನ್‌ಫ್ರಾನ್ಸಿಸ್ಕೊದ ನಗರಾಡಳಿತದ ಚುನಾವಣೆಗೂ ನಿಂತಿದ್ದ. ಸೋತ.

ಕೂಚಾರ್ ಸೋದರರು

ಜಾರ್ಜ್ ಮತ್ತು ಮೈಕ್ ಕೂಚಾರ್ 1942ರಲ್ಲಿ ಹುಟ್ಟಿದ ಅವಳಿ, ಬೆಳೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಹನ್ನೆರಡನೆಯ ಹುಟ್ಟುಹಬ್ಬಕ್ಕೆ 8 ಮಿ.ಮೀ. ಕ್ಯಾಮೆರಾ ಉಡುಗೊರೆಯಾಗಿ ಬಂತು. ವಾರಾಂತ್ಯವೆಲ್ಲ ಬಡಾವಣೆಯ ಟಾಕೀಸುಗಳಲ್ಲಿ ಕಳೆಯುತ್ತಿದ್ದ ಹುಡುಗರು ತಾವು ನೋಡಿದ ರಾಕ್ಷಸರ ಚಿತ್ರ, ಕಣ್ಣೀರಿನ ಚಿತ್ರ, ರೋಮನ್ ಕಾಲದ ಅದ್ದೂರಿ ಚಿತ್ರಗಳನ್ನೆಲ್ಲ ಮನೆಯ ಛಾವಣಿಯಲ್ಲಿ, ಮಲಗುವ ಕೋಣೆಯಲ್ಲಿ, ನೆರೆಯವರನ್ನೇ ತಾರೆಯರನ್ನಾಗಿ ಮಾಡಿ ಮತ್ತೆ ತೆಗೆದರು. 'ಐ ವಾಸ್ ಎ ಟೀನೇಜ್ ರಮ್‌ಪಾಟ್' (1960) ಎಂಬಂಥ ಹೆಸರುಗಳು, ದಪ್ಪಗೆ ಬಳಿದ ಹುಬ್ಬು, ಜೋಲುವ ವಿಗ್ಗು, ಹಾಲಿವುಡ್ ತಟ್ಟೆಗಳಿಂದ ಎರವಲು ತಂದ ಹಿನ್ನೆಲೆ ಸಂಗೀತ. ರಜೆಯ ಪ್ರವಾಸ ತೋರಿಸುತ್ತಿದ್ದ ಹವ್ಯಾಸಿ ಕ್ಲಬ್ಬಿನ ಹಿರಿಯರಿಗೆ ಇದೆಲ್ಲ ಹೇಸಿಗೆಯೆನಿಸಿತು. ಚಿತ್ರ ನಿರ್ದೇಶಕ ಕೆನ್ ಜೇಕಬ್ಸ್‌ನ ಮಾಳಿಗೆಯಲ್ಲಿ ನಡೆಯುತ್ತಿದ್ದ ಪ್ರದರ್ಶನಗಳಿಗೆ ಬಂದ ಮೇಲೆ ಸೋದರರಿಗೆ ಸರಿಯಾದ ಪ್ರೇಕ್ಷಕರು ಸಿಕ್ಕರು.

ಮೈಕ್‌ನ 'ಸಿನ್ಸ್ ಆಫ್ ದಿ ಫ್ಲೆಶಪಾಯ್ಡ್ಸ್' (1965) ಹತ್ತು ಲಕ್ಷ ವರ್ಷ ಮುಂದಿನ ಕಥೆ. ಅಣುಯುದ್ಧದ ಬಳಿಕ ಉಳಿದ ಮನುಷ್ಯರು ಸೋಮಾರಿಗಳಾಗಿ ಬಿದ್ದಿರುತ್ತಾರೆ, ದುಡಿಯುವ ಯಂತ್ರಮಾನವರು ಪ್ರೀತಿಯಲ್ಲಿ ಬೀಳುತ್ತಾರೆ. ಕಾಮಿಕ್ಸ್ ಪುಸ್ತಕದಲ್ಲಿದ್ದಂತೆ ಮಾತು ಗುಳ್ಳೆಗಳಲ್ಲಿ ಬರೆದು ಬರುತ್ತದೆ. ಜಾರ್ಜ್‌ನ 'ಹೋಲ್ಡ್ ಮಿ ವೈಲ್ ಐ ಆಮ್ ನೇಕೆಡ್' (1966) ಇನ್ನೂ ಒಂದು ಮೆಟ್ಟಿಲು ಮೇಲಿನದು. ನಾಯಕಿ ಅರ್ಧಕ್ಕೆ ಕೈಕೊಟ್ಟಾಗ ಜಾರ್ಜ್ ಆ ಪೇಚಾಟವನ್ನೇ ಕಥೆ ಮಾಡಿದ. ಪ್ರಣಯ ದೃಶ್ಯ ತೆಗೆಯಲು ಹೆಣಗುವ ನಿರ್ದೇಶಕನ ಪಾತ್ರ ಆತನದೇ. ಬೇರೆಯವರು ಸರಸದಲ್ಲಿರುವಾಗ ಈತ ಒಂಟಿಯಾಗಿ ಸ್ನಾನ ಮಾಡುತ್ತಾನೆ, ಕೊನೆಗೆ ಅಮ್ಮ ಕರೆದಾಗ ಹೋಗಿ ಊಟಕ್ಕೆ ಕೂರುತ್ತಾನೆ. ಬಣ್ಣ ಹಾಲಿವುಡ್ ಮೆಲೊಡ್ರಾಮಾದ್ದು, ಅಡುಗೆಮನೆ ಬ್ರಾಂಕ್ಸ್‌ನದು. ಕೂಚಾರ್‌ಗಳು ಹಾಲಿವುಡ್ಡನ್ನು ಅಣಕಿಸಿದರು ಎಂದು ಹೇಳುವುದು ವಾಡಿಕೆ. ಅಣಕಿಸುವವನಿಗೆ ಇಷ್ಟು ಮೋಹ ಇರುವುದಿಲ್ಲ. ಹಾಲಿವುಡ್ ತಮ್ಮನ್ನು ಒಳಗೆ ಬಿಡುವುದಿಲ್ಲವೆಂದು ಗೊತ್ತಿದ್ದೂ ಅದನ್ನು ಮನಸಾರೆ ಪ್ರೀತಿಸಿದವರ ಚಿತ್ರಗಳು ಇವು. ಚಿತ್ರ ನಿರ್ದೇಶಕ ಜಾನ್ ವಾಟರ್ಸ್ ತನ್ನ ಮೇಲೆ ಇವರ ಪ್ರಭಾವವಿದೆ ಎಂದು ಪದೇ ಪದೇ ಹೇಳಿದ್ದಾನೆ.

1971ರಿಂದ ಜಾರ್ಜ್ ಸ್ಯಾನ್‌ಫ್ರಾನ್ಸಿಸ್ಕೊ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೇಷ್ಟ್ರಾದ. ಪೀಟರ್ಸನ್ ಪಾಠ ಹೇಳಿದ ಶಾಲೆಯೇ ಇದು, ಅಷ್ಟರಲ್ಲಿ ಹೆಸರು ಬದಲಾಗಿತ್ತು. ಪಾಠವೆಂದರೆ ವಿದ್ಯಾರ್ಥಿಗಳ ಜೊತೆ ಸೇರಿ ಚಿತ್ರ ತೆಗೆಯುವುದು. 'ಐ, ಆನ್ ಆಕ್ಟ್ರೆಸ್' (1977) ಹುಟ್ಟಿದ್ದು ಹಾಗೆಯೇ. ವಿದ್ಯಾರ್ಥಿನಿಯೊಬ್ಬಳಿಗೆ ನಟನೆಯ ಪರೀಕ್ಷೆ. ಎದುರು ನಾಯಕನಿಗೆ ಬದಲಾಗಿ ಕೋಟು, ವಿಗ್ಗು ಹಾಕಿ ನಿಲ್ಲಿಸಿದ ಬೊಂಬೆ. ಹೇಳಿಕೊಡಲು ಹೋದ ಜಾರ್ಜ್ ತಾನೇ ನಟಿಸತೊಡಗಿ, ನೆಲದ ಮೇಲೆ ಹೊರಳಾಡಿ, ಹುಡುಗಿಯ ಪರೀಕ್ಷೆಯನ್ನು ಪೂರ್ತಿ ಕಬಳಿಸುತ್ತಾನೆ. ಆಕೆಗೆ ನಗು ತಡೆಯಲಾಗುವುದಿಲ್ಲ. 2011ರಲ್ಲಿ ತೀರಿಕೊಳ್ಳುವವರೆಗೂ ಜಾರ್ಜ್ ಚಿತ್ರ ಮಾಡುತ್ತಲೇ ಇದ್ದ. ಒಕ್ಲಹೋಮಾದ ಅಗ್ಗದ ಮೋಟೆಲಿನಲ್ಲಿ ಕೂತು ಸುಂಟರಗಾಳಿಗೆ ಕಾಯುವ ವಿಡಿಯೊ ದಿನಚರಿಗಳಂತೂ ಒಂದು ಪ್ರತ್ಯೇಕ ಪ್ರಪಂಚ.

ನ್ಯೂಯಾರ್ಕಿನ ಛಾವಣಿಗಳು

ಜ್ಯಾಕ್ ಸ್ಮಿತ್‌ನ 'ಫ್ಲೇಮಿಂಗ್ ಕ್ರಿಯೇಚರ್ಸ್' (1963) ಮ್ಯಾನ್‌ಹಟನ್‌ನ ವಿಂಡ್ಸರ್ ಥಿಯೇಟರಿನ ಛಾವಣಿಯ ಮೇಲೆ, ಅವಧಿ ಮೀರಿದ ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರಿತವಾಯಿತು. ಹೆಣ್ಣುವೇಷದ ಗಂಡಸರು, ತುಟಿಬಣ್ಣದ ಜಾಹೀರಾತಿನ ಅಣಕ, ಒಂದು ಭೂಕಂಪ, ರಕ್ತಪಿಶಾಚಿ, ನಗ್ನದೇಹಗಳ ಗೋಜಲು. ಸ್ಮಿತ್ ಅದನ್ನು ಹಾಸ್ಯಚಿತ್ರವೆಂದೇ ಭಾವಿಸಿದ್ದ. ಪೊಲೀಸರಿಗೆ ಹಾಗನ್ನಿಸಲಿಲ್ಲ. 1964ರ ಮಾರ್ಚಿನಲ್ಲಿ ಪ್ರದರ್ಶನದ ಮೇಲೆ ದಾಳಿ ನಡೆದು ಮೆಕಾಸ್, ಜೇಕಬ್ಸ್ ಮೊದಲಾದವರ ಬಂಧನವಾಯಿತು, ನ್ಯಾಯಾಲಯ ಚಿತ್ರವನ್ನು ಅಶ್ಲೀಲವೆಂದಿತು. ಲೇಖಕಿ ಸೂಸನ್ ಸೊಂಟಾಗ್ ಅದರ ಪರವಾಗಿ ಬರೆದಳು. 1968ರಲ್ಲಿ ಏಬ್ ಫೋರ್ಟಸ್‌ನನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸುವ ಪ್ರಸ್ತಾಪ ಬಂದಾಗ, ಆತನ ವಿರೋಧಿಗಳು ಈ ಚಿತ್ರವನ್ನು ಸೆನೆಟರುಗಳಿಗೆ ತೋರಿಸಿದರು. ಮಾಳಿಗೆಯ ಗೆಳೆಯರಿಗೆಂದು ಮಾಡಿದ ಹುಡುಗಾಟ ವಾಷಿಂಗ್ಟನ್ನಿನ ರಾಜಕಾರಣದ ದಾಳವಾಯಿತು.

ಸ್ಮಿತ್ ಇದರಿಂದ ಬೇಸತ್ತ. ಮುಂದಿನ 'ನಾರ್ಮಲ್ ಲವ್' ಚಿತ್ರಕ್ಕೆ ಶಿಲ್ಪಿ ಕ್ಲೇಸ್ ಓಲ್ಡನ್‌ಬರ್ಗ್ ರೂಪಿಸಿದ ದೈತ್ಯ ಕೇಕಿನ ಮೇಲೆ ನರ್ತಕರ ಗುಂಪು ಕುಣಿಯಿತು, ಅವರಲ್ಲಿ ಆಂಡಿ ವಾರ್ಹೋಲ್ ಕೂಡ ಒಬ್ಬ. ಆದರೆ ಚಿತ್ರವನ್ನು ಸ್ಮಿತ್ ಮುಗಿಸಲೇ ಇಲ್ಲ. ಮುಗಿದರೆ ತಾನೇ ಯಾರಾದರೂ ವಶಪಡಿಸಿಕೊಳ್ಳುವುದು? ಪ್ರದರ್ಶನ ನಡೆಯುತ್ತಿರುವಾಗಲೇ ರೀಲು ಬಿಚ್ಚಿ, ಕತ್ತರಿಸಿ, ಮತ್ತೆ ಅಂಟಿಸಿ, ಪ್ರತಿ ಸಲ ಬೇರೆ ಚಿತ್ರ ತೋರಿಸುತ್ತಿದ್ದ. ಜೇಕಬ್ಸ್ ಸಂಕಲಿಸಿದ 'ಬ್ಲಾಂಡ್ ಕೋಬ್ರಾ'ದಲ್ಲಿ (1963) ಸ್ಮಿತ್‌ನ ಧ್ವನಿ ಕಪ್ಪು ತೆರೆಯ ಮೇಲೆ ನಿಮಿಷಗಟ್ಟಲೆ ಗೋಳಾಡುತ್ತದೆ. ನಡುವೆ ಸಭಾಂಗಣದಲ್ಲೇ ನಿಜವಾದ ರೇಡಿಯೊ ಹಾಕಬೇಕೆಂಬ ಸೂಚನೆಯೂ ಉಂಟು. ಆ ಗಳಿಗೆಯಲ್ಲಿ ಬಾನುಲಿಯಲ್ಲಿ ಏನು ಬರುತ್ತದೋ ಅದೇ ಚಿತ್ರದ ಧ್ವನಿ.

ಕಲ್ಲಂಗಡಿ, ದೋಣಿ, ಸಿಂಕು

ರಾಬರ್ಟ್ ನೆಲ್ಸನ್‌ನ 'ಓ ಡೆಮ್ ವಾಟರ್‌ಮೆಲನ್ಸ್' (1965) ಸ್ಯಾನ್‌ಫ್ರಾನ್ಸಿಸ್ಕೊ ಮೈಮ್ ಟ್ರೂಪ್ ಆಡುತ್ತಿದ್ದ ನಾಟಕವೊಂದರ ನಡುವೆ ತೋರಿಸಲೆಂದು ತಯಾರಾದದ್ದು. ಮುಖಕ್ಕೆ ಮಸಿ ಬಳಿದು ಕರಿಯರನ್ನು ಲೇವಡಿ ಮಾಡುವ ಹಳೆಯ ಮಿನ್‌ಸ್ಟ್ರೆಲ್ ಆಟವನ್ನೇ ತಿರುಗುಬಾಣ ಮಾಡಿಕೊಂಡ ನಾಟಕ ಅದು. ಕರಿಯರೆಂದರೆ ಕಲ್ಲಂಗಡಿ ಎಂಬ ಜನಾಂಗೀಯ ನಿಂದೆಯನ್ನು ಚಿತ್ರ ಎತ್ತಿಕೊಳ್ಳುತ್ತದೆ. ಫುಟ್‌ಬಾಲ್ ಮೈದಾನದಲ್ಲಿ ಒಂದು ಕಲ್ಲಂಗಡಿ ಸುಮ್ಮನೆ ಕೂತಿದೆ. ಕ್ಯಾಮೆರಾ ಅದನ್ನು ಸಾಕುಸಾಕೆನಿಸುವಷ್ಟು ಹೊತ್ತು ನೋಡುತ್ತದೆ. ಆಮೇಲೆ ಅದನ್ನು ಒದೆಯುತ್ತಾರೆ, ಗುಂಡಿಟ್ಟು ಸಿಡಿಸುತ್ತಾರೆ, ಯಂತ್ರದಡಿ ಹೊಸಕುತ್ತಾರೆ, ಹೊಟ್ಟೆ ಬಗೆದು ಕರುಳು ತೆಗೆಯುತ್ತಾರೆ. ಸ್ಟೀವ್ ರೈಶ್‌ನ ಸಂಗೀತ ಒಂದೇ ಪದವನ್ನು ಹಿಂದುಮುಂದಾಗಿ ಹೆಣೆಯುತ್ತ ಹೋಗುತ್ತದೆ. ಹಣ್ಣಿನ ಮೇಲೆ ನಡೆಯುವ ಹಿಂಸೆ ಯಾರ ಮೇಲಿನದು ಎಂಬ ಅರಿವು ಮೂಡಿದಾಗ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಂದಿನ ಪ್ರೇಕ್ಷಕರಲ್ಲಿ ಕೆಲವರಿಗೆ ಇದು ಬಿಳಿಯನೊಬ್ಬನ ಅತಿಸ್ವಾತಂತ್ರ್ಯ ಎನಿಸಿದರೆ ಆ ಆಕ್ಷೇಪವನ್ನು ತಳ್ಳಿಹಾಕಲಾಗದು.

ಆತನದೇ 'ಬ್ಲೂ ಶಟ್' (1970) ನಿರುಪದ್ರವಿ, ಅಷ್ಟೇ ಚತುರ. ತೆರೆಯ ಮೂಲೆಯಲ್ಲಿ ಪುಟ್ಟ ಗಡಿಯಾರ. ಚಿತ್ರ ಎಷ್ಟು ಹೊತ್ತಿನದು, ಯಾವ ನಿಮಿಷಕ್ಕೆ ಏನು ಬರಲಿದೆ ಎಂದು ಹೆಂಗಸೊಬ್ಬಳು ಮೊದಲೇ ತಿಳಿಸುತ್ತಾಳೆ. ಬಳಿಕ ವಿಹಾರ ದೋಣಿಗಳ ಚಿತ್ರಗಳು ಒಂದೊಂದಾಗಿ ಬರುತ್ತವೆ, ಜೊತೆಗೆ ಹೆಸರುಗಳ ಪಟ್ಟಿ. ಸರಿಯಾದ ಹೆಸರು ಯಾವುದೆಂದು ನೆಲ್ಸನ್ ಮತ್ತು ಚಿತ್ರಕಾರ ವಿಲಿಯಂ ವೈಲಿ ತೆರೆಮರೆಯಿಂದ ತಲೆ ಕೆಡಿಸಿಕೊಂಡು ಊಹಿಸುತ್ತಾರೆ, ಬಹುಪಾಲು ತಪ್ಪುತ್ತಾರೆ. ಊಹಿಸಲು ಆಧಾರವೇ ಇಲ್ಲ, ಆದರೂ ಐದು ನಿಮಿಷದಲ್ಲಿ ನೋಡುವವರೂ ಪಣ ಕಟ್ಟಲು ಶುರುಮಾಡುತ್ತಾರೆ.

ಈ ಇಬ್ಬರ ಹೆಂಡತಿಯರಾದ ಗುನ್ವರ್ ನೆಲ್ಸನ್ ಮತ್ತು ಡೊರೊತಿ ವೈಲಿ ಎಳೆಗೂಸುಗಳನ್ನು ಸಾಕುತ್ತಲೇ ಮಾಡಿದ 'ಶ್ಮೀರ್‌ಗುಂಟ್ಸ್' ಗಂಡಂದಿರ ಚಿತ್ರಗಳಿಗಿಂತ ಹೆಚ್ಚು ಖಾರ. ಒಂದು ಕಡೆ ಮಿಸ್ ಅಮೆರಿಕ ಸ್ಪರ್ಧೆಯ ತಳುಕು, ಇನ್ನೊಂದು ಕಡೆ ಕಟ್ಟಿಕೊಂಡ ಸಿಂಕಿನಿಂದ ಎತ್ತಿದ ಕೊಳೆ, ಬಸುರಿಯ ವಾಂತಿ, ಮಗುವಿನ ಹೊಲಸು. ಜಾಹೀರಾತಿನ ಹೆಣ್ಣಿಗೂ ಮನೆಯ ಹೆಣ್ಣಿಗೂ ನಡುವಿನ ಅಂತರವನ್ನು ಭಾಷಣವಿಲ್ಲದೆ ಹದಿನೈದು ನಿಮಿಷದಲ್ಲಿ ತೋರಿಸಿದ ಚಿತ್ರ ಇದು. ಅಂಡರ್‌ಗ್ರೌಂಡ್ ಕೂಟ ಬಹುಮಟ್ಟಿಗೆ ಗಂಡಸರದೇ ಆಗಿತ್ತು. ಹಗಲು ಚಿತ್ರ ತೆಗೆದು ರಾತ್ರಿ ಪತ್ರಿಕಾ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಮೇರಿ ಮೆಂಕೆನ್‌ಗೆ ಸಲ್ಲಬೇಕಾದ ಗೌರವವೂ ತಡವಾಗಿಯೇ ಸಂದಿತು.

ಫಿಲ್ಮೇ ಆಟಿಕೆಯಾದಾಗ

1960ರ ದಶಕದ ಕೊನೆಗೆ ವಿಮರ್ಶಕ ಪಿ. ಆಡಮ್ಸ್ ಸಿಟ್ನಿ ರಾಚನಿಕ ಚಿತ್ರ ಎಂಬ ವರ್ಗವನ್ನು ಗುರುತಿಸಿದ. ಕಥೆ, ಪಾತ್ರ ಬಿಟ್ಟು ಸಿನಿಮಾದ ಆಕಾರವನ್ನೇ ಮುಂದಿಡುವ ಚಿತ್ರಗಳಿವು. ಕೇಳಲು ಶುಷ್ಕ, ನೋಡಲು ಹಲವು ಸಲ ಹಾಗಲ್ಲ. ಹಾಲಿಸ್ ಫ್ರ್ಯಾಂಪ್ಟನ್‌ನ 'ನಾಸ್ಟಾಲ್ಜಿಯಾ'ದಲ್ಲಿ (1971) ಆತನ ಹಳೆಯ ಫೋಟೊಗಳು ಒಂದೊಂದಾಗಿ ವಿದ್ಯುತ್ ಒಲೆಯ ಮೇಲೆ ಸುಟ್ಟು ಮುರುಟುತ್ತವೆ. ಕೇಳಿಬರುವ ವಿವರಣೆ ಮಾತ್ರ ಕಣ್ಣೆದುರಿನ ಫೋಟೊದ್ದಲ್ಲ, ಮುಂದೆ ಬರಲಿರುವ ಫೋಟೊದ್ದು. ಒಂದನ್ನು ನೆನಪಿಟ್ಟುಕೊಳ್ಳುತ್ತ ಇನ್ನೊಂದನ್ನು ನೋಡುವ ಒದ್ದಾಟದಲ್ಲಿ ಪ್ರೇಕ್ಷಕರು ಸಿಕ್ಕಿಬೀಳುತ್ತಾರೆ. ನಾನು ಎಂದು ಮಾತಾಡುವ ಧ್ವನಿ ಫ್ರ್ಯಾಂಪ್ಟನ್‌ನದಲ್ಲ, ಗೆಳೆಯ ಮೈಕೆಲ್ ಸ್ನೋನದು. ಹೀಗಾಗಿ ಒಂದು ಕಡೆ ಸ್ನೋ, ಸ್ನೋನ ಕ್ಷಮೆ ಕೇಳುವ ಆಸೆಯಿದೆ ಎಂದು ಗಂಭೀರವಾಗಿ ಓದಬೇಕಾಗುತ್ತದೆ.

ಜಾರ್ಜ್ ಲ್ಯಾಂಡೋ 1966ರ ತನ್ನ ಚಿತ್ರವೊಂದಕ್ಕೆ ಅಂಚಿನ ಅಕ್ಷರ, ತೂತು, ಧೂಳಿನ ಕಣ ಇತ್ಯಾದಿ ಕಾಣಿಸುವ ಚಿತ್ರ ಎಂದೇ ಹೆಸರಿಟ್ಟ. ಅದರಲ್ಲಿ ಇರುವುದೂ ಅಷ್ಟೇ, ಜೊತೆಗೆ ಬಣ್ಣ ಪರೀಕ್ಷೆಯ ತುಣುಕಿನಲ್ಲಿ ಕಣ್ಣು ಮಿಟುಕಿಸುವ ಒಬ್ಬ ಹೆಂಗಸು. ಮುಂದೆ ಓವೆನ್ ಲ್ಯಾಂಡ್ ಎಂದು ಹೆಸರನ್ನೂ ಬದಲಿಸಿಕೊಂಡ. 1970ರ ದಶಕದ ಕೊನೆಯಲ್ಲಿ, ಫ್ರಾಯ್ಡ್ ಉಲ್ಲೇಖಿಸಿದ ಮದುವೆ ದಲ್ಲಾಳಿಯ ಜೋಕನ್ನು ನೆಪ ಮಾಡಿಕೊಂಡು ತೆಗೆದ ಚಿತ್ರದಲ್ಲಿ ಪಾಂಡಾ ವೇಷದ ಇಬ್ಬರು ರಾಚನಿಕ ಚಿತ್ರ ಎಂದರೇನು ಎಂದು ಚರ್ಚಿಸುತ್ತಾರೆ. ಎಂಜಿನಿಯರುಗಳು ಸೇತುವೆ ಬೀಳುತ್ತದೋ ಇಲ್ಲವೋ ನೋಡಲು ಮಾದರಿ ಕಟ್ಟುತ್ತಾರಲ್ಲ ಅದು, ಎಂಬ ಧಾಟಿಯ ಉತ್ತರ ಬರುತ್ತದೆ. ಸಿಟ್ನಿಯ ವರ್ಗೀಕರಣಕ್ಕೆ ಆ ವರ್ಗದೊಳಗಿದ್ದವನೇ ಕೊಟ್ಟ ಪ್ರತಿಕ್ರಿಯೆ ಇದು.

ಟೋನಿ ಕಾನ್ರಾಡ್ ಬರೀ ಕಪ್ಪು ಬಿಳಿ ಚೌಕಟ್ಟುಗಳ 'ದಿ ಫ್ಲಿಕರ್' (1966) ಮಾಡಿದ ಮೇಲೆ, 1970ರ ದಶಕದ ಆರಂಭದಲ್ಲಿ ಫಿಲ್ಮನ್ನು ಎಣ್ಣೆಯಲ್ಲಿ ಕರಿದ, ಜಾಡಿಯಲ್ಲಿ ಉಪ್ಪಿನಕಾಯಿ ಹಾಕಿದ. ಸ್ಟ್ಯಾಂಡಿಶ್ ಲಾಡರ್‌ನ 'ನೆಕ್ರಾಲಜಿ'ಯಲ್ಲಿ (1970) ಕಚೇರಿ ಬಿಡುವ ಹೊತ್ತಿನ ಜನ ಎಸ್ಕಲೇಟರಿನಲ್ಲಿ ನಿಂತು ಮುಖ ಗಂಟಿಕ್ಕಿಕೊಂಡು ಇಳಿಯುತ್ತಿದ್ದಾರೆ. ರೀಲನ್ನು ತಿರುಗುಮುರುಗು ಓಡಿಸಿದ್ದರಿಂದ ಅವರೆಲ್ಲ ಸ್ವರ್ಗಾರೋಹಣ ಮಾಡಿದಂತೆ ಕಾಣುತ್ತದೆ. ಕೊನೆಗೆ ಈ ಅಪರಿಚಿತರಿಗೆಲ್ಲ ಕಲ್ಪಿತ ಪಾತ್ರಗಳನ್ನು ಹಂಚಿದ ಉದ್ದನೆಯ ಪಾತ್ರವರ್ಗದ ಪಟ್ಟಿ ಬಂದಾಗ ಸಭೆ ಘೊಳ್ಳೆನ್ನುತ್ತದೆ. ವಾರ್ಹೋಲ್‌ನ 'ಎಂಪೈರ್' (1964), ಅಂದರೆ ಎಂಪೈರ್ ಸ್ಟೇಟ್ ಕಟ್ಟಡವನ್ನು ಎಂಟು ಗಂಟೆ ನೋಡುವ ಚಿತ್ರ, ನೋಡುವುದಕ್ಕಿಂತ ಅದರ ಬಗ್ಗೆ ಹೇಳಿಕೊಳ್ಳುವುದರಲ್ಲೇ ಹೆಚ್ಚು ಮಜಾ ಕೊಡುವ ಬಗೆಯದು. ಪತ್ರಿಕೆಗಳ ಚಿತ್ರ ಕತ್ತರಿಸಿ ಕುಣಿಸಿದ ಸ್ಟ್ಯಾನ್ ವ್ಯಾನ್‌ಡರ್‌ಬೀಕ್‌ನ ಪ್ರಭಾವ ಟೆರಿ ಗಿಲಿಯಂ ಮೂಲಕ ಬ್ರಿಟನ್ನಿನ ಮಾಂಟಿ ಪೈಥಾನ್ ಟಿವಿ ಕಾರ್ಯಕ್ರಮದವರೆಗೂ ಹರಿಯಿತು.

ನಂತರ

ವಿಡಿಯೊ ಬಂದ ಮೇಲೆ 16 ಮಿ.ಮೀ. ಮೂಲೆ ಸೇರಿತು, ಆದರೆ ಕವಲು ಒಣಗಲಿಲ್ಲ. ಕ್ರೇಗ್ ಬಾಲ್ಡ್‌ವಿನ್‌ನ 'ಟ್ರಿಬ್ಯುಲೇಶನ್ 99' (1991) ಲ್ಯಾಟಿನ್ ಅಮೆರಿಕದಲ್ಲಿ ಅಮೆರಿಕ ನಡೆಸಿದ ಹಸ್ತಕ್ಷೇಪಗಳ ನೈಜ ಚರಿತ್ರೆಯನ್ನು ಅನ್ಯಗ್ರಹ ಜೀವಿಗಳ ಪಿತೂರಿಯ ಕಥೆಯಾಗಿ, ಕಾನರ್ ಮಾದರಿಯ ಗುಜರಿ ತುಣುಕುಗಳಲ್ಲಿ ಹೇಳಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಣೆಗೆ ಅರ್ಹವಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ 1994ರಲ್ಲಿ 'ಎ ಮೂವಿ', 2009ರಲ್ಲಿ 'ಐ, ಆನ್ ಆಕ್ಟ್ರೆಸ್' ಸೇರಿದವು. ರಾಬರ್ಟ್ ನೆಲ್ಸನ್ ವಯಸ್ಸಾದ ಮೇಲೆ ತನ್ನ ಕೆಲವು ಚಿತ್ರಗಳನ್ನು ಚಲಾವಣೆಯಿಂದ ಹಿಂತೆಗೆದುಕೊಂಡ. ಉಳಿದವುಗಳಲ್ಲಿ ಹಲವನ್ನು ಆಸ್ಕರ್ ಪ್ರಶಸ್ತಿ ನೀಡುವ ಅಕಾಡೆಮಿಯ ಚಿತ್ರಸಂಗ್ರಹಾಲಯವೇ ದುರಸ್ತಿ ಮಾಡಿಸಿ ಕಾಪಿಟ್ಟಿದೆ.